ನೋವು ಯಾರಿಗೆ, ಫೀಸು ಯಾರಿಗೆ?

ಕಾರ್ತಿಕ ದೀಪ ಆರಿತು, ತಿರುವಣ್ಣಾಮಲೈಯಲ್ಲಿ ಜ್ಞಾನಿಗಳ ಸುಗ್ಗಿ ಶುರುವಾಯಿತು. ರಮಣ ಮಹರ್ಷಿಗಳ ಆಶ್ರಮದ ಆಸುಪಾಸಿನ ಗೋಡೆಗಳ ಪೋಸ್ಟರುಗಳಲ್ಲಿ ಬಿಳಿಜುಬ್ಬದ ಬಿಳಿಯ ಗುರುಗಳು ಮುಗುಳ್ನಗುತ್ತಿದ್ದಾರೆ. ‘ನೀನು ದೇಹವಲ್ಲ’ ಎಂದು ಫೆಬ್ರವರಿವರೆಗೆ ಬೋಧನೆ. ಮಾರ್ಚಿನ ಬಿಸಿಲು ಚುರುಕಾದೊಡನೆ ಆ ದೇಹವಲ್ಲದ್ದನ್ನು ಜೋಪಾನವಾಗಿ ವಿಮಾನ ಹತ್ತಿಸುತ್ತಾರೆ. ಆತ್ಮಕ್ಕೆ ಸೆಕೆಯಿಲ್ಲ, ಸರಿ.

ಸತ್ಸಂಗಕ್ಕೆ ಸಾಮಾನೂ ಹೆಚ್ಚು ಬೇಡ. ಎದುರುಬದುರು ಎರಡು ಕುರ್ಚಿ, ಒಂದು ಹೂದಾನಿ, ಮೈಕು, ಬೆನ್ನ ಹಿಂದೆ ರಮಣರ ಪಟ. ಮೊದಲ ಹತ್ತು ನಿಮಿಷ ಮಾತಿಲ್ಲದೆ ಸಭೆಯ ಮೇಲೆ ಕಣ್ಣಾಡಿಸಬೇಕು. ಆಮೇಲೆ ಯಾವಳೋ ಎದ್ದು, ಗಂಡ ಬಿಟ್ಟುಹೋದ, ನೋವು ತಡೆಯಲಾಗುತ್ತಿಲ್ಲ ಎಂದರೆ, ಗುರುವಿನ ಮರುಪ್ರಶ್ನೆ: ‘ನೋವು ಯಾರಿಗೆ?’ ಅವಳು ಅಳುತ್ತಾಳೆ, ಸಭೆ ನಗುತ್ತದೆ. ಮುಂದಿನವರು ಬನ್ನಿ.

ರಮಣರೂ ಹಾಗೇ ಕೇಳುತ್ತಿದ್ದರಲ್ಲ? ಹೌದು. ಆದರೆ 1902ರಲ್ಲಿ ಶಿವಪ್ರಕಾಶಂ ಪಿಳ್ಳೈ ಎಂಬ ಭಕ್ತರು ‘ನಾನು ಯಾರು?’ ಎಂದು ಕೇಳಿದಾಗ ಮೌನದಲ್ಲಿದ್ದ ಅವರು ಬರೆದು ತೋರಿಸಿದ್ದು ಮಾಡಬೇಕಾದ ಕೆಲಸವನ್ನು. ಯೋಚನೆ ಎದ್ದರೆ ಅದರ ಬೆನ್ನು ಹತ್ತದೆ, ಎದ್ದದ್ದು ಯಾರಿಗೆ ಎಂದು ನೋಡು. ‘ನನಗೆ’ ಎಂದು ಹೊಳೆಯುತ್ತದೆ. ಆ ನಾನು ಯಾರೆಂದು ಹುಡುಕಿದರೆ ಮನಸ್ಸು ಹುಟ್ಟಿದ ಕಡೆಗೇ ತಿರುಗುತ್ತದೆ. ಇನ್ನೊಂದು ಯೋಚನೆ ಏಳುತ್ತದೆ, ಮತ್ತೆ ಅದೇ ಕೆಲಸ. ಇದು ಜಪವೂ ಅಲ್ಲ, ಎದುರಿಗಿದ್ದವರ ಬಾಯಿ ಮುಚ್ಚಿಸುವ ಉಪಾಯವಂತೂ ಮೊದಲೇ ಅಲ್ಲ.

ಕೆಡುವ ಜಾಗವನ್ನೂ ಅವರೇ ತೋರಿಸಿದ್ದರು. ಮನಸ್ಸು ತುಸು ಹೊತ್ತು ಅಡಗಿದರೆ ಅದು ಲಯ, ನಾಶವಲ್ಲ. ಲಯವಾದದ್ದು ಮತ್ತೆ ಏಳುತ್ತದೆ ಎಂದು ಅವರ ‘ಉಪದೇಶಸಾರ’ದಲ್ಲಿದೆ. ಇದಕ್ಕೊಂದು ಕಥೆ ಹೇಳುತ್ತಿದ್ದರು. ಗಂಗೆಯ ದಡದ ಯೋಗಿಯೊಬ್ಬ ನೀರು ತಾ ಎಂದು ಶಿಷ್ಯನನ್ನು ಕಳಿಸಿ, ಅವನು ಬರುವಷ್ಟರಲ್ಲಿ ಸಮಾಧಿಗೆ ಜಾರಿದ. ಶತಮಾನಗಳು ಉರುಳಿದವು. ಕಣ್ಣು ಬಿಟ್ಟವನ ಮೊದಲ ಮಾತು: ‘ನೀರೆಲ್ಲಿ?’ ಬಾಯಾರಿಕೆ ಇಟ್ಟಲ್ಲೇ ಇತ್ತು! ಈಗಿನವರಿಗೆ ಶತಮಾನಗಳ ಪುರುಸೊತ್ತೆಲ್ಲಿ? ಭಾನುವಾರ ಲಯ, ಸೋಮವಾರ ವೆಬ್‌ಸೈಟು.

ಅಮೆರಿಕದ ಆಂಡ್ರ್ಯೂ ಕೋಹೆನ್ 1986ರಲ್ಲಿ ಲಖನೌಗೆ ಹೋಗಿ ರಮಣರ ಶಿಷ್ಯ ಪೂಂಜಾಜಿಯವರನ್ನು ಕಂಡರು. ಕೆಲವೇ ವಾರಗಳಲ್ಲಿ ಪಾಠ ಮುಗಿಸಿ ಪಾಠ ಹೇಳಲು ಹೊರಟರು. 27 ವರ್ಷಗಳ ಮೇಲೆ, 2013ರಲ್ಲಿ, ಆಪ್ತ ಶಿಷ್ಯರೇ ತಿರುಗಿಬಿದ್ದಾಗ, ತಮ್ಮ ಅಹಂಕಾರ ಇನ್ನೂ ಗಟ್ಟಿಮುಟ್ಟಾಗಿದೆ ಎಂದು ಒಪ್ಪಿ ಪೀಠ ಇಳಿದರು. ಒಪ್ಪಿಕೊಂಡದ್ದು ದೊಡ್ಡತನ, ಇಲ್ಲವೆನ್ನಬಾರದು. ವಿವೇಕ, ವೈರಾಗ್ಯ, ಮನಸ್ಸು ಇಂದ್ರಿಯಗಳ ಹಿಡಿತದಂಥ ಶಮದಮಾದಿ ಆರು ಸಂಪತ್ತು, ಬಿಡುಗಡೆಯ ಹಂಬಲವಾದ ಮುಮುಕ್ಷುತ್ವ ಇಲ್ಲದವನು ವೇದಾಂತದ ಬಾಗಿಲಿಗೇ ಬರಬೇಡ ಎಂದು ನಮ್ಮ ಶೃಂಗೇರಿಯ ಕಡೆ ಹೇಳುತ್ತಾರೆ. ಪಾಠ ಕೇಳಲೂ ಪಾಠ ಹೇಳುವ ಹೊಣೆ ಹೊರಲೂ ಬೇಕಾದ ತಯಾರಿ ಅದು. ಅದು ಬಹಳ ಉದ್ದವಾಯಿತು, ವಾರಾಂತ್ಯದ ಶಿಬಿರಕ್ಕೆ ಹೊಂದುವುದಿಲ್ಲ.

ಆದರೆ ದಿನಬಳಕೆಯ ಸತ್ಯ ವ್ಯಾವಹಾರಿಕ, ಕೊನೆಯ ಸತ್ಯ ಪಾರಮಾರ್ಥಿಕ ಎಂಬ ಭೇದ ಮಾತ್ರ ಈ ಗುರುಗಳಿಗೆ ಚೆನ್ನಾಗಿ ಗೊತ್ತು. ಫೀಸು ವ್ಯಾವಹಾರಿಕ, ಯೂರೋದಲ್ಲಿ, ಮುಂಗಡ. ದೂರು ಬಂತೋ, ಪಾರಮಾರ್ಥಿಕ: ಮಾಡಿದವನೆಂಬವನೇ ಇಲ್ಲ. ಜಗತ್ತು ಮಿಥ್ಯೆ ಎಂದ ಶಂಕರರು ಆನೆ ಅಟ್ಟಿಸಿಕೊಂಡು ಬಂದಾಗ ಓಡಿದರಂತೆ; ಆನೆ ಮಿಥ್ಯೆಯಾದರೆ ಓಡಿದ್ದೇಕೆ ಎಂದಾಗ, ಓಡಿದ್ದೂ ಮಿಥ್ಯೆ ಎಂದರಂತೆ. ಆ ಕಥೆಯಲ್ಲಿ ಓಡಿದವರು ಅವರೇ ಕಣ್ರೀ. ಶಿಷ್ಯೆಯನ್ನು ಆನೆಯ ಕಾಲಡಿ ನೂಕಿ, ತುಳಿತ ಮಿಥ್ಯೆ ಎನ್ನಲಿಲ್ಲ.

ಅತ್ತವಳಿಗೆ ಒಂದು ಲೋಟ ನೀರು ಕೊಡಿ. ಬಾಯಾರಿಕೆ ಯಾರಿಗೆಂದು ಆಮೇಲೆ ವಿಚಾರಿಸೋಣ.