ಏಸಿ ಕಂಪ್ರೆಸರ್ ನಿಲ್ತಿಲ್ಲ ಅಂದ್ರೆ ಗ್ಯಾಸ್ ಖಾಲಿನಾ? ಸತ್ಯಾಂಶ

ತುಮಕೂರಿನ ನಮ್ಮ ಗ್ರೂಪಲ್ಲಿ ಮತ್ತೆ ಅದೇ ಮೆಸೇಜ್: ಕಾರಲ್ಲಿ ಏಸಿ ಆಫ್ ಮಾಡಿದ್ರೂ ಕಂಪ್ರೆಸರ್ ಓಡ್ತಿದ್ರೆ ಗ್ಯಾಸ್ ಖಾಲಿ, ಬೇಗ ತುಂಬಿಸ್ಕೊಳಿ ಅಂತ. ತಪ್ಪು. ಗ್ಯಾಸ್ ತೀರಾ ಕಮ್ಮಿ ಆದ್ರೆ ಪ್ರೆಷರ್ ಸ್ವಿಚ್ಚೇ ಕಂಪ್ರೆಸರ್‌ನ ಕಟ್ ಮಾಡುತ್ತೆ, ಸುಮ್ನೆ ದುಡ್ಡು ಕಳ್ಕೋಬೇಡಿ.

ಮೊದಲು ರಿಲೇ (ಕಂಪ್ರೆಸರ್‌ಗೆ ಕರೆಂಟ್ ಬಿಡೋ ಸ್ವಿಚ್) ನೋಡಿ, ಅದರೊಳಗಿನ ಪಾಯಿಂಟ್ ಸುಟ್ಟು ಅಂಟ್ಕೊಂಡಿರ್ಬಹುದು. ಇಂಜಿನ್ ಆಫ್ ಮಾಡಿ ಫ್ಯೂಸ್ ಬಾಕ್ಸಿಂದ ಏಸಿ ರಿಲೇ ಕಿತ್ತು, ಆಮೇಲೆ ಸ್ಟಾರ್ಟ್ ಮಾಡಿ ದೂರದಿಂದ ನೋಡಿ (ಬೆಲ್ಟ್ ಹತ್ರ ಕೈ ಬೇಡ ದಯವಿಟ್ಟು), ಕಂಪ್ರೆಸರಿನ ಪುಲ್ಲಿ (ಬೆಲ್ಟ್ ಸುತ್ತಿರೋ ಚಕ್ರ) ಹೆಂಗೂ ತಿರುಗುತ್ತೆ, ಅದರ ಮುಂದಿನ ಪ್ಲೇಟ್ ನಿಂತಿದ್ರೆ ತೊಂದ್ರೆ ರಿಲೇದು ಇಲ್ಲಾ ಅದಕ್ಕೆ ಬರೋ ಸಿಗ್ನಲ್‌ದು, ಆಗ್ಲೂ ಪ್ಲೇಟ್ ತಿರುಗ್ತಿದ್ರೆ ವೈರ್ ಶಾರ್ಟು ಇಲ್ಲಾ ಆ ಪ್ಲೇಟನ್ನ ಪುಲ್ಲಿಗೆ ಜೋಡಿಸೋ ಕಂಪ್ರೆಸರ್ ಕ್ಲಚ್ಚೇ ಜಾಮು.

ಗಾಜಿನ ಮಂಜು ತೆಗೆಯೋ ಡಿಫ್ರಾಸ್ಟ್ ಹಾಕಿದ್ರೆ ಎಷ್ಟೋ ಕಾರಲ್ಲಿ ಕಂಪ್ರೆಸರ್ ತಾನಾಗೇ ಓಡುತ್ತೆ, ಅದು ಕೆಟ್ಟಿರೋದಲ್ಲ.