‘ಬಮ್’ ಎಂಬುದು ‘ಬಾಟಮ್’ನ ಮೋಟು ರೂಪ ಅಲ್ಲ

ಇವತ್ತು ಮತ್ತೆ ಅದೇ ಪೋಸ್ಟ್ ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿ ಅಂಡಿಗೆ ಹೇಳುವ ‘ಬಮ್’, ‘ಬಾಟಮ್’ ಪದದ ಮೋಟು ರೂಪವಂತೆ. ಹಂಚಿಕೊಂಡವರೆಲ್ಲ ಚೆನ್ನಾಗಿ ಓದಿಕೊಂಡವರು. ಪದಗಳ ವಿಷಯದಲ್ಲಿ ನಾನು ಸುಮ್ನೆ ಇರುವವನಲ್ಲ ಅಂತ ನಿಮಗೆ ಗೊತ್ತೇ ಇದೆ. ನಿಜವಾಗಿಯೂ ಸಿಟ್ಟು ಬಂತು.

ಇಸವಿ ನೋಡಿ ಸಾಕು. ಜಾನ್ ಟ್ರೆವಿಸಾ ಎಂಬ ಪಾದ್ರಿ ಲ್ಯಾಟಿನ್ ಚರಿತ್ರೆಯೊಂದನ್ನು ಇಂಗ್ಲಿಷಿಗೆ ತಂದು 1387ರಲ್ಲಿ ಮುಗಿಸಿದ ಅನುವಾದದಲ್ಲೇ ಈ ಪದ ‘ಬಾಮ್’ ಎಂಬ ರೂಪದಲ್ಲಿದೆ. ಅಲ್ಲಿ ಬಂದಿರುವುದು ಮೂಲವ್ಯಾಧಿಯ ಮಾತು, ಹಾಗಾಗಿ ಅರ್ಥದಲ್ಲಿ ಅನುಮಾನವೇ ಇಲ್ಲ. ‘ಬಾಟಮ್’ ಹಳೆಯ ಪದವೇ, ಆದರೆ ಅದರ ಅರ್ಥ ತಳ, ಬುಡ. ಅಂಡು ಎಂಬ ಅರ್ಥದಲ್ಲಿ ಅದು ಬರಹದಲ್ಲಿ ಸಿಗುವುದು 18ನೇ ಶತಮಾನದ ಕೊನೆಗೆ. ಮಗ ಅಪ್ಪನಿಗಿಂತ ನಾನೂರು ವರ್ಷ ದೊಡ್ಡವನಾಗೋಕೆ ಆಗುತ್ತಾ?

ಷೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಎರಡು ಪದಗಳೂ ಇವೆ. ನನಗೆ ತುಂಬಾ ಇಷ್ಟವಾದ ಜಾಗ ಅದು. ಪಕ್ ಎಂಬ ತುಂಟ ಯಕ್ಷ ಮೂರು ಕಾಲಿನ ಸ್ಟೂಲಿನ ವೇಷ ಹಾಕಿರುತ್ತಾನೆ. ಮುದುಕಿ ಕೂರಲು ಬಂದಾಗ ಅವಳ ‘ಬಮ್’ ಕೆಳಗಿಂದ ಜಾರಿಕೊಳ್ಳುತ್ತಾನೆ, ಅವಳು ದೊಪ್ಪನೆ ಬೀಳುತ್ತಾಳೆ. ಅದೇ ನಾಟಕದ ನೇಕಾರನ ಹೆಸರು ಬಾಟಮ್. ಇವತ್ತು ಓದುವವರಿಗೆ ಅದು ಅಂಡಿನ ಹೆಸರು ಅನ್ನಿಸುತ್ತದೆ. ಆದರೆ ಆ ಕಾಲದ ನೇಕಾರರಿಗೆ ‘ಬಾಟಮ್’ ಅಂದರೆ ನೂಲು ಸುತ್ತುವ ದಿಂಡು. ಎಷ್ಟು ಚೆಂದದ ಹೆಸರು! ಆ ಮೋಟು ರೂಪದ ಕತೆಯನ್ನು ನಂಬಿದರೆ ಈ ಚೆಂದ ಕಾಣುವುದೇ ಇಲ್ಲ.

‘ಬರಹದಲ್ಲಿ ಇಲ್ಲದಿದ್ದರೂ ಜನರ ಬಾಯಲ್ಲಿ ಇದ್ದಿರಬಹುದಲ್ವಾ?’ ಅಂತ ಒಬ್ಬರು ಕೇಳಿದರು. ಒಪ್ಪುವ ಮಾತಲ್ಲ. ಒರಟು ಪದವಾದ ‘ಬಮ್’ ಅಷ್ಟು ಬೇಗ ಬರಹಕ್ಕೆ ಬಂತು. ಅದಕ್ಕಿಂತ ಮರ್ಯಾದೆಯ ‘ಬಾಟಮ್’ ಅದೇ ಅರ್ಥದಲ್ಲಿ ಅಷ್ಟು ಶತಮಾನ ಅಡಗಿ ಕೂತಿತ್ತು ಅಂದರೆ ಹೇಗೆ ನಂಬೋದು?

‘ಬಮ್’ ಎಲ್ಲಿಂದ ಬಂತು ಅನ್ನುವುದು ಪಂಡಿತರಲ್ಲೂ ಇತ್ಯರ್ಥವಾಗಿಲ್ಲ. ಉಬ್ಬಿದ್ದನ್ನು ಕಂಡಾಗ ಬಾಯಿಗೆ ಬರುವ ಸದ್ದಿನಿಂದ ಹುಟ್ಟಿರಬಹುದು ಎಂಬ ಊಹೆ ಇದೆ. ಊಹೆಯನ್ನು ಊಹೆ ಎಂದೇ ಬರೆದರೆ ನನ್ನ ತಕರಾರಿಲ್ಲ.

ಪೋಸ್ಟಿನ ಕೊನೆಯಲ್ಲಿ ಇನ್ನೊಂದು ಸಾಲು: ಕೆಲಸ ಮಾಡದೆ ಅಂಡೂರಿ ಕೂರುವುದರಿಂದಲೇ ಅಮೆರಿಕದಲ್ಲಿ ಅಲೆಮಾರಿಗೆ ‘ಬಮ್’ ಅನ್ನುತ್ತಾರಂತೆ. ಅದೂ ತಪ್ಪು. ಆ ‘ಬಮ್’ ಬೇರೆಯೇ ಪದ. ಸೋಮಾರಿಯಾಗಿ ಅಡ್ಡಾಡುವವನಿಗೆ ಜರ್ಮನ್ ಭಾಷೆಯಲ್ಲಿ ‘ಬುಮ್ಲರ್’ ಅನ್ನುತ್ತಾರೆ. ಅದು 19ನೇ ಶತಮಾನದಲ್ಲಿ ಅಮೆರಿಕದ ಇಂಗ್ಲಿಷಿಗೆ ‘ಬಮ್ಮರ್’ ಆಗಿ ಬಂದು, ಆಮೇಲೆ ‘ಬಮ್’ ಆಯಿತು. ಮೋಟಾಗಿದ್ದು ಈ ಪದ.