ನಿಲುವಂಗಿ ಎತ್ತಿಕೊಂಡ ಮೇಲೆ ಕ್ಯಾಮೆರಾ ಇಳಿಯಬೇಕು

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ಬರೆಯದೆ ಸಮಾಧಾನವಾಗುವುದಿಲ್ಲ. ಉದ್ದವಾದರೂ ಓದಿ.

ಕ್ಯಾಲಿಫೋರ್ನಿಯಾದ ಕಾರ್ಮೆಲ್ ದಾಟಿ ದಕ್ಷಿಣಕ್ಕೆ ಹೋದರೆ ಸಿಗುವ ಕಡಲಂಚಿನ ಖಾಸಗಿ ಜಾಗವೊಂದರಲ್ಲಿ ನಗ್ನ ಛಾಯಾಗ್ರಹಣದ ವರ್ಕ್‌ಶಾಪ್ ಇತ್ತು. ಒಬ್ಬರು ಮಾಡೆಲ್, ಅವರ ಸುತ್ತ ಹತ್ತಕ್ಕಿಂತ ಹೆಚ್ಚು ಕ್ಯಾಮೆರಾ. ಜಾಕೆಟ್ ತೊಟ್ಟಿದ್ದ ನಮ್ಮ ಕೈಗಳೇ ಮರಗಟ್ಟುವಂಥ ಗಾಳಿ. ಪೋಸ್ ಮುಗಿಯಿತು, ಕಲಿಸುತ್ತಿದ್ದವರು "ಬ್ರೇಕ್" ಅಂದರು. ಆಕೆ ಬಂಡೆಯಿಂದ ಇಳಿದು ನಿಲುವಂಗಿ ಎತ್ತಿಕೊಳ್ಳಲು ಬಗ್ಗಿದರು. ನನ್ನ ಪಕ್ಕದಲ್ಲಿದ್ದವನು ಆಗಲೂ ಶಟರ್ ಒತ್ತುತ್ತಲೇ ಇದ್ದ. ಕಲಿಸುವವರು ಅದನ್ನು ನೋಡಿದರು. ನೋಡಿ, ಕಾಫಿ ಫ್ಲಾಸ್ಕಿನ ಕಡೆ ತಿರುಗಿದರು.

ನಾನು ಗಟ್ಟಿಯಾಗಿಯೇ "ನಿಲ್ಲಿಸಿ" ಅಂದೆ. ಅವನು ತಲೆ ಕೂಡ ಎತ್ತದೆ ಹೇಳಿದ: "ಬೆಳಿಗ್ಗೆಯೇ ರಿಲೀಸ್‌ಗೆ ಸಹಿ ಹಾಕಿದ್ದಾಳಲ್ಲ."

ರಿಲೀಸ್ ಅಂದರೆ ಚಿತ್ರಗಳನ್ನು ಬಳಸಲು ಮಾಡೆಲ್ ಬರೆದುಕೊಡುವ ಒಪ್ಪಿಗೆ ಪತ್ರ. ಈ ಒಂದು ಮಾತಿನ ಮೇಲೆಯೇ ನನ್ನ ಸಿಟ್ಟೆಲ್ಲ. ಸಹಿ ಹಾಕಿದ್ದಾಳಲ್ಲ! ಒಂದು ಹಾಳೆಯ ಮೇಲೆ ಸಹಿ ಬಿದ್ದರೆ ಆ ದಿನವಿಡೀ ಆಕೆಯ ಬಗ್ಗುವಿಕೆ, ನಡುಗುವಿಕೆ, ಮೂಗು ಒರೆಸಿಕೊಳ್ಳುವುದು ಎಲ್ಲವೂ ನಮ್ಮ ಸ್ವತ್ತಾಯಿತೇ?

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಈ ಕಲೆಯ ವಿರೋಧಿ ಅಲ್ಲ. ಮನೆಯ ಗೋಡೆಯ ಮೇಲೆ ಏನು ತೂಗುಹಾಕಿದ್ದೇನೆ ಅಂತ ಬಂದವರೆಲ್ಲ ನೋಡಿದ್ದೀರಿ. ಮನುಷ್ಯನ ಮೈಯನ್ನು ಬೆಳಕಿನಲ್ಲಿ ನೋಡಲು ಕಲಿಯುವುದಕ್ಕಿಂತ ದೊಡ್ಡ ಪಾಠ ಛಾಯಾಗ್ರಹಣದಲ್ಲಿ ಇಲ್ಲ ಎಂದು ನಂಬಿದವಳು ನಾನು. ನಂಬಿದ್ದರಿಂದಲೇ ಇಷ್ಟು ಉರಿ.

ಅದೂ ಯಾವ ಊರಿನ ಪಕ್ಕದಲ್ಲಿ! ಕಾರ್ಮೆಲ್ ಅಂದರೆ ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ಬದುಕಿದ ಊರು. ಬೆಳಗಿನ ಪಾಠ ಶುರುವಾಗಿದ್ದೇ ಅವರ 1936ರ ಚಿತ್ರಗಳಿಂದ. ಓಷಿಯಾನೋದ ಮರಳುದಿಬ್ಬಗಳ ಮೇಲೆ ಬೆತ್ತಲೆ ಮಲಗಿದ ಹೆಣ್ಣು. ಬಾಗಿಲ ಬಳಿ ಕೂತು, ಕಾಲುಗಳನ್ನು ತೋಳಿನಿಂದ ಬಳಸಿ, ಮುಖ ಬಗ್ಗಿಸಿದ ಹೆಣ್ಣು. ನೆರಳಿನ ಅಂಚು ಎಲ್ಲಿ ಮುಗಿಯುತ್ತದೆ, ಚರ್ಮದ ಹೊಳಪು ಹೇಗೆ ಉಳಿದಿದೆ, ಎಲ್ಲ ಚೆನ್ನಾಗಿಯೇ ವಿವರಿಸಿದರು. ಆ ಹೆಣ್ಣಿನ ಹೆಸರು ಮಾತ್ರ ಒಮ್ಮೆಯೂ ಬರಲಿಲ್ಲ. ಕೊನೆಗೆ ನಾನೇ ಕೈಯೆತ್ತಿ ಹೇಳಿದೆ. ಕ್ಯಾರಿಸ್ ವಿಲ್ಸನ್.

ಕ್ಯಾರಿಸ್ ಯಾರು ಅಂತ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ವೆಸ್ಟನ್ ಅವರ ಸಂಗಾತಿ, ಮುಂದೆ ಹೆಂಡತಿ. 1937ರಲ್ಲಿ ವೆಸ್ಟನ್‌ಗೆ ಗುಗ್ಗೆನ್‌ಹೈಮ್ ಫೆಲೋಶಿಪ್ ಬಂತು, ಅಂದರೆ ಕಲಾವಿದರು, ವಿದ್ವಾಂಸರಿಗೆ ಕೆಲಸ ಮಾಡಲೆಂದು ಕೊಡುವ ಧನಸಹಾಯ. ಛಾಯಾಗ್ರಾಹಕರಲ್ಲಿ ಅದು ಸಿಕ್ಕಿದ್ದು ಅವರಿಗೇ ಮೊದಲು. ಅವರು ಬರೆದಿದ್ದ ಚುಟುಕು ಅರ್ಜಿ ಸಾಲದು ಅಂತ ಅದನ್ನು ವಿಸ್ತರಿಸಿ, ವಾದ ಕಟ್ಟಿ ಬರೆದವರು ಕ್ಯಾರಿಸ್. ಆ ಹಣದಲ್ಲಿ ಅಮೆರಿಕದ ಪಶ್ಚಿಮವೆಲ್ಲ ಸುತ್ತುವಾಗ ಕಾರು ಓಡಿಸಿದವರು ಕ್ಯಾರಿಸ್, ದಿನದಿನದ ಟಿಪ್ಪಣಿ ಇಟ್ಟವರು ಕ್ಯಾರಿಸ್, 1940ರಲ್ಲಿ ಅದು ಪುಸ್ತಕವಾದಾಗ ಬರಹವೆಲ್ಲ ಅವರದು. ಮರಳುದಿಬ್ಬದ ಚಿತ್ರಗಳೂ ಹಾಗೆಯೇ. ಬಟ್ಟೆ ತೆಗೆದು ದಿಬ್ಬದ ಮೇಲಿನಿಂದ ಖುಷಿಯಾಗಿ ಉರುಳಿ ಇಳಿದವರು ಅವರೇ. ಬಾಗಿಲ ಬಳಿಯ ಚಿತ್ರದ ಬಗ್ಗೆ ಇಬ್ಬರಿಗೂ ಒಂದೊಂದು ತಕರಾರು ಇತ್ತು. ವೆಸ್ಟನ್‌ಗೆ ಬಲತೋಳಿನ ಮೇಲಿನ ನೆರಳು ಹಿಡಿಸಲಿಲ್ಲ, ಕ್ಯಾರಿಸ್‌ಗೆ ಡೊಂಕಾದ ಬೈತಲೆ ಮತ್ತು ಕೂದಲಲ್ಲಿ ಕಾಣುತ್ತಿದ್ದ ಪಿನ್ನು ಹಿಡಿಸಲಿಲ್ಲ. ಅಂದರೆ ಆ ಚಿತ್ರವನ್ನು ಕೆಲಸವೆಂದು ತೂಗಿ ನೋಡಿದ ಕಣ್ಣುಗಳು ಎರಡು ಜೊತೆ. ಕ್ಯಾಮೆರಾದ ಆಚೆಗಿದ್ದವರೂ ನೋಡುತ್ತಿದ್ದರು.

ಇದನ್ನು ಹೇಳಿಕೊಡದೆ ಅದೇ ಚಿತ್ರವನ್ನು ತೋರಿಸಿದರೆ ಕಲಿಯುವವನಿಗೆ ಏನು ತಲುಪುತ್ತದೆ? ಮುಂದಿರುವುದು ಬಂಡೆಯಂಥದೇ ಇನ್ನೊಂದು ಆಕಾರ ಎಂದು ತಲುಪುತ್ತದೆ. ಬಂಡೆ ಇಳಿದು ಬಂದು ನಿಲುವಂಗಿ ಹುಡುಕುವುದಿಲ್ಲವಲ್ಲ, ಹಾಗಾಗಿ ಶಟರ್ ನಿಲ್ಲಿಸಬೇಕೆಂದು ಅವನಿಗೆ ಹೊಳೆಯುವುದೂ ಇಲ್ಲ. ನನ್ನ ಪಕ್ಕದವನ ಮೇಲೆ ಸಿಟ್ಟಿದೆ ನಿಜ. ಕಲಿಸಿದವರ ಮೇಲೆ ಅದರ ಹತ್ತರಷ್ಟಿದೆ.

ಈಗ ಹೇಳುವುದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಊರಿನ ಚಿಕ್ಕಮ್ಮ, ಅತ್ತಿಗೆ ಎಲ್ಲರೂ ಓದುತ್ತೀರಿ, ಓದಿ. ಈ ದೇಶಕ್ಕೆ ಬಂದ ಹೊಸತರಲ್ಲಲ್ಲ, ಕೆಲಸದ ವೀಸಾ ಸಿಕ್ಕಿ ಆಫೀಸು ಸೇರುವ ಮುಂಚಿನ ದಿನಗಳಲ್ಲೂ ಅಲ್ಲ, ಅದಾಗಿ ಎಷ್ಟೋ ವರ್ಷಗಳ ಮೇಲೆ, ದುಡ್ಡಿನ ಅಗತ್ಯವೇನೂ ಇಲ್ಲದಾಗ, ನಾನು ಒಂದು ಕಾಲೇಜಿನ ಚಿತ್ರಕಲಾ ತರಗತಿಗೆ ಮಾಡೆಲ್ ಆಗಿ ಕೂತಿದ್ದೇನೆ. ಬೆತ್ತಲೆಯಾಗಿ. ಕ್ಯಾಮೆರಾ ಹಿಡಿದು ಇನ್ನೊಬ್ಬರ ಮೈ ಕೇಳುವವಳು ಆ ಕಡೆ ಏನಿರುತ್ತದೆಂದು ತಿಳಿದಿರಬೇಕು ಅನಿಸಿತ್ತು, ಹೋಗಿ ಕೂತೆ.

ಆ ಮೇಡಂ ಹೇಗೆ ನಡೆಸುತ್ತಿದ್ದರು ಗೊತ್ತಾ? ನಾನು ಬರುವ ಮೊದಲೇ ಬಾಗಿಲಿನ ಗಾಜಿಗೆ ಕಾಗದ ಅಂಟಿಸಿರುತ್ತಿದ್ದರು. ಬಟ್ಟೆ ಬದಲಿಸಲು ಬೇರೆ ಕೋಣೆ. ವೇದಿಕೆಯ ಪಕ್ಕ ಹೀಟರ್. ಫೋನುಗಳೆಲ್ಲ ಬ್ಯಾಗಿನೊಳಗೆ, ಬ್ಯಾಗುಗಳು ಗೋಡೆಯ ಹತ್ತಿರ. 20 ನಿಮಿಷಕ್ಕೆ ಟೈಮರ್, ಅದು ಕೂಗಿದ ತಕ್ಷಣ ಪೆನ್ಸಿಲ್ಲುಗಳು ಕೆಳಗೆ. ನಾನು ಏಳುವ ಮುನ್ನ ನನ್ನ ಪಾದ, ಅಂಗೈ ಇದ್ದ ಜಾಗಕ್ಕೆ ಟೇಪಿನ ಗುರುತು ಹಾಕುತ್ತಿದ್ದರು, ಮತ್ತೆ ಬಂದು ಅದೇ ಭಂಗಿಗೆ ಕೂರಲೆಂದು. ತೋಳು ಸ್ವಲ್ಪ ಸರಿಸಬೇಕಾದರೆ ದೂರದಿಂದ ಕೇಳುತ್ತಿದ್ದರು, ಮುಟ್ಟುತ್ತಿರಲಿಲ್ಲ. ನಿಲುವಂಗಿ ತೊಟ್ಟು ಕೋಣೆ ಸುತ್ತಿದರೆ ಹುಡುಗ ಹುಡುಗಿಯರು ನನ್ನ ಹೆಸರು ಹಿಡಿದು ಕರೆದು ತಮ್ಮ ಚಿತ್ರ ತೋರಿಸುತ್ತಿದ್ದರು. ಕಾಲು ಜೋಮು ಹಿಡಿದಾಗ ಒಬ್ಬ ಹುಡುಗ ಕುರ್ಚಿ ಎಳೆದುಕೊಟ್ಟ. ಅಷ್ಟು ಜನರ ಮುಂದೆ ಬೆತ್ತಲೆ ಕೂತಿದ್ದ ನನಗೆ ಒಂದು ಕ್ಷಣವೂ ಮಾನ ಹೋಯಿತು ಅನಿಸಲಿಲ್ಲ. ನಿನ್ನೆ ಆ ಬಂಡೆಯ ಹತ್ತಿರ, ಜಾಕೆಟ್ಟು ಟೋಪಿ ಎಲ್ಲ ತೊಟ್ಟು ನಿಂತಿದ್ದಾಗ ಅನಿಸಿತು.

ಚಿತ್ರಕಲೆಯವರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಈ ರೀತಿ ಕ್ಯಾಮೆರಾದವರಿಗೆ ಯಾಕೆ ಬೇಡ? ನಿಜವಾಗಿ ನಮಗೇ ಹೆಚ್ಚು ಬೇಕು. ಚಿತ್ರ ಬರೆಯುವವರು ಮೂಗು ಬದಲಿಸಬಹುದು, ಮುಖ ಬಿಟ್ಟೇ ಬಿಡಬಹುದು. ಕ್ಯಾಮೆರಾ ಮಚ್ಚೆಯನ್ನೂ ಸಿಸೇರಿಯನ್ ಗೆರೆಯನ್ನೂ ಬಿಡದೆ ತೆಗೆದುಕೊಂಡು ಹೋಗುತ್ತದೆ. ಅದು ಆಕೆಯೇ. ನಾಳೆ ಇಂಟರ್‌ನೆಟ್‌ನಲ್ಲಿ ಯಾರ ಕೈಗೆ ಸಿಕ್ಕಿ ಏನಾಗುತ್ತದೋ, ಆಗಲೂ ಅದು ಆಕೆಯೇ.

ರಾತ್ರಿ ಊಟಕ್ಕೆ ಕೂತಾಗ ಒಬ್ಬರು ನನಗೆ ತಿಳಿಹೇಳಲು ನೋಡಿದರು. ಬಂದವರು ದುಬಾರಿ ಶುಲ್ಕ ಕಟ್ಟಿದ್ದಾರೆ, ಅವರಿಗೆ ಚಿತ್ರ ಬೇಕು. ಮಾಡೆಲ್‌ಗೂ ಸಂಬಳ ಇದೆ, ವೃತ್ತಿಯವರು, ಅವರಿಗಿಲ್ಲದ ಬೇಸರ ನಿಮಗೇಕೆ ಅಂದರು. ಬೇಸರ ಇಲ್ಲ ಅಂತ ಯಾರು ಕೇಳಿದರು? ನಾನು ಕೇಳಿದೆ. ಬ್ರೇಕಿನಲ್ಲಿ ಚಹಾ ಕೊಟ್ಟು ಕೇಳಿದೆ. "ಮುಂದಿನ ಸಲ ಕರೆಯದೆ ಹೋದರೆ ಎಂದು ಸುಮ್ಮನಿರುತ್ತೇನೆ" ಅಂದರು. ಆಕೆಯ ಹೆಸರು ಇಲ್ಲಿ ಬರೆಯುತ್ತಿಲ್ಲ, ಯಾಕೆಂದರೆ ಬರೆಯಲಾ ಎಂದು ಕೇಳಿಲ್ಲ. ಸಂಬಳ ಕೊಟ್ಟದ್ದು ಪೋಸಿಗೆ. ಬಗ್ಗಿ ಬಟ್ಟೆ ಎತ್ತಿಕೊಳ್ಳುವುದಕ್ಕೆ ಯಾರೂ ಸಂಬಳ ಕೊಟ್ಟಿಲ್ಲ.

ಇನ್ನು ನಮ್ಮವರ ಕಡೆಯ ಮಾತು. ನಗ್ನ ಚಿತ್ರದ ಸುದ್ದಿ ಎತ್ತಿದರೆ ಸಾಕು, ಪರವಾಗಿ ನಿಲ್ಲುವವರು ತಕ್ಷಣ ಶ್ರವಣಬೆಳಗೊಳಕ್ಕೆ ಹೋಗುತ್ತಾರೆ. ಗೊಮ್ಮಟ ಸಾವಿರ ವರ್ಷದಿಂದ ಬೆತ್ತಲೆ ನಿಂತಿಲ್ಲವೇ, ನಮ್ಮ ಪರಂಪರೆಯೇ ಅದಲ್ಲವೇ ಎಂದು. ಗೊಮ್ಮಟನ ಮುಂದೆ ನಿಂತು ನಾನೂ ಕಣ್ಣು ತುಂಬಿಕೊಂಡಿದ್ದೇನೆ. ಆದರೆ ಅಲ್ಲಿರುವುದು ಎಲ್ಲವನ್ನೂ ಬಿಟ್ಟು ನಿಂತ ಬಾಹುಬಲಿ, ಕಲ್ಲಿನಲ್ಲಿ. ಅವನಿಗೆ ಚಳಿಯಿಲ್ಲ, ಬಾಡಿಗೆ ಮನೆಯಿಲ್ಲ, ಶಾಲೆಗೆ ಹೋಗುವ ಮಕ್ಕಳಿಲ್ಲ. ಜೀವಂತ ಹೆಣ್ಣುಮಗಳ ಮೇಲೆ ಕ್ಯಾಮೆರಾ ತಿರುಗಿಸಲು ಅವನನ್ನು ಸಾಕ್ಷಿ ಕರೆಯಬೇಡಿ.

ಮೈಸೂರಿನ ಗೆಳೆಯನೊಬ್ಬ ಕೇಳುತ್ತಲೇ ಇರುತ್ತಾನೆ, "ಅಕ್ಕಾ, ನೀವು ಬಂದಾಗ ಇಲ್ಲೂ ಒಂದು ವರ್ಕ್‌ಶಾಪ್ ಮಾಡೋಣ" ಅಂತ. ನಗ್ನತೆಯೊಂದರಿಂದಲೇ ಚಿತ್ರ ಅಶ್ಲೀಲವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹೇಳಿದ್ದನ್ನು ಅವನು ಬಾಯಿಪಾಠ ಮಾಡಿಟ್ಟುಕೊಂಡಿದ್ದಾನೆ. ಒಳ್ಳೆಯ ತೀರ್ಪು, ಸಂತೋಷ. ಆದರೆ ಪ್ರಬುದ್ಧ ದಾಸ್‌ಗುಪ್ತ ತೆಗೆದ 1995ರ ಆ ಶೂ ಜಾಹೀರಾತು ನೆನಪಿದೆಯಲ್ಲ? ಅದರಲ್ಲಿ ಬೆತ್ತಲೆ ನಿಂತಿದ್ದ ಮಾಡೆಲ್ ಇಬ್ಬರು, ಮಿಲಿಂದ್ ಸೋಮನ್, ಮಧು ಸಪ್ರೆ, ಅದರ ಕೇಸಿನಿಂದ ಬಿಡುಗಡೆಯಾಗಿದ್ದು 2009ರಲ್ಲಿ. ಹೆಸರು ಮಾಡಿದವರಿಗೇ ಆ ಪಾಡು. ಮೈಸೂರಿನ ಹುಡುಗಿಯೊಬ್ಬಳು ನಾಳೆ ನಮ್ಮ ಮುಂದೆ ನಿಂತರೆ, ಫೋಟೋ ಹೊರಬಿದ್ದ ದಿನ ಅವಳ ಜೊತೆ ಸ್ಟೇಷನ್ನಿಗೆ ಯಾರು ಹೋಗುತ್ತಾರೆ ಅಂತ ಮೊದಲು ಹೇಳು ಅಂದೆ. ಅವನಿನ್ನೂ ಹೇಳಿಲ್ಲ. ಹೇಳುವವರೆಗೆ ನಾನೂ ಬರುವುದಿಲ್ಲ.

ಕಲಿಸಲು ಆಗುವುದೇ ಇಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. 1974ರಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಾಡಿನಲ್ಲಿ, ಪ್ರಕೃತಿಯ ನಡುವೆ ನಗ್ನ ದೇಹ ಎಂಬುದನ್ನೇ ವಿಷಯವಾಗಿಟ್ಟುಕೊಂಡ ವರ್ಕ್‌ಶಾಪಿನಲ್ಲಿ, ಛಾಯಾಗ್ರಾಹಕಿ ಜೂಡಿ ಡೇಟರ್ ಒಂದು ಚಿತ್ರ ತೆಗೆದರು. ಒಂದು ದೊಡ್ಡ ಮರ. ಈ ಕಡೆಯಿಂದ ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡ 91ರ ಹಿರಿಯ ಛಾಯಾಗ್ರಾಹಕಿ ಇಮೋಜೆನ್ ಕನಿಂಗ್‌ಹ್ಯಾಮ್. ಮರಕ್ಕೆ ಒರಗಿ ಬೆತ್ತಲೆ ನಿಂತ ಮಾಡೆಲ್ ಟ್ವಿಂಕಾ ಥೀಬೋ. ಇಮೋಜೆನ್ ಸಾಮಾನ್ಯರಲ್ಲ, 1915ರಲ್ಲೇ ತನ್ನ ಗಂಡನನ್ನು ಮೌಂಟ್ ರೇನಿಯರ್ ಬೆಟ್ಟದಲ್ಲಿ ಬೆತ್ತಲೆ ನಿಲ್ಲಿಸಿ ಚಿತ್ರ ತೆಗೆದು ಸಿಯಾಟಲ್ ಊರನ್ನೇ ಕೆರಳಿಸಿದವರು. ಅಂಥವರು ಇಲ್ಲಿ ಆ ಹುಡುಗಿಯನ್ನು ಕಂಡು ಬೆಚ್ಚಿದ್ದಾರೆ, ಹುಡುಗಿ ಅಷ್ಟೇ ನೇರವಾಗಿ ಅವರನ್ನು ನೋಡುತ್ತಿದ್ದಾಳೆ. ಚಿತ್ರದ ಶೀರ್ಷಿಕೆಯಲ್ಲಿ ಇಬ್ಬರ ಹೆಸರೂ ಇದೆ. ವರ್ಕ್‌ಶಾಪಿನಲ್ಲೇ ಹುಟ್ಟಿದ ಚಿತ್ರ ಅದು! ನನ್ನ ಗೋಡೆಯ ಮೇಲಿರುವುದೂ ಅದೇ.

ನಿನ್ನೆಯ ವರ್ಕ್‌ಶಾಪ್ ನಡೆಸಿದವರಿಗೆ ಪತ್ರ ಬರೆದಿದ್ದೇನೆ. ಅದರಲ್ಲಿ ಕೇಳಿರುವುದು ಇಷ್ಟು. ಒಬ್ಬರು ಮಾಡೆಲ್‌ಗೆ ನಾಲ್ಕೇ ಕ್ಯಾಮೆರಾ. ಮೊದಲ ಅರ್ಧ ದಿನ ಕ್ಯಾಮೆರಾ ಬ್ಯಾಗಿನಲ್ಲಿ, ಎಲ್ಲರೂ ಕೂತು ಮಾಡೆಲ್ ಜೊತೆ ಮಾತಾಡಬೇಕು. ರಿಲೀಸ್ ಒಬ್ಬೊಬ್ಬ ಛಾಯಾಗ್ರಾಹಕರಿಗೂ ಬೇರೆ, ಅದೂ ಸಂಜೆ, ಚಿತ್ರಗಳನ್ನು ಆಕೆ ನೋಡಿ ಬೇಡವಾದದ್ದನ್ನು ಅಳಿಸಿದ ಮೇಲೆ. ಮುಖ ಕಾಣಬಹುದೇ, ಹೆಸರು ಹಾಕಬಹುದೇ, ಎಲ್ಲೆಲ್ಲಿ ಹಾಕಬಹುದು ಎಂದು ಆಕೆಯೇ ತನ್ನ ಕೈಯಿಂದ ಬರೆಯಬೇಕು. ನಿಲುವಂಗಿ ಎತ್ತಿಕೊಂಡ ಮೇಲೆ ಶಟರ್ ಒತ್ತಿದವನು ಕಾರ್ಡ್ ಖಾಲಿ ಮಾಡಿ ಮನೆಗೆ. ಇಷ್ಟೂ ಒಪ್ಪಿದರೆ ನಾನೇ ಬಂದು ಪುಕ್ಕಟೆ ಕಲಿಸಲು ಸಹಾಯ ಮಾಡುತ್ತೇನೆ ಅಂತಲೂ ಬರೆದಿದ್ದೇನೆ. ಉತ್ತರ ಬಂದರೆ ಇಲ್ಲೇ ಕಾಮೆಂಟಿನಲ್ಲಿ ಹಾಕುತ್ತೇನೆ.